ಎರಡನೆಯ ಚರಣದ ಉಸಿರು

ಬ್ಯೂನಸ್ ಐರಿಸ್ ಕಡೆಯ ಬೆರಿಸ್ಸೊ ಊರಿನಲ್ಲಿ ಕಾಸಿಮಿರೊನಷ್ಟು ಚಪ್ಪಾಳೆ ಗಿಟ್ಟಿಸಿದವನು ಇನ್ನೊಬ್ಬನಿಲ್ಲ. ಆದರೆ ಆ ಚಪ್ಪಾಳೆಯೆಲ್ಲ ಮಾಂಸಕ್ಕೆ. ಭಾನುವಾರ ಅಲ್ಬೊರಾದಾ ಕ್ಲಬ್ಬಿನ ಅಂಗಳದಲ್ಲಿ ಅವನು ಅಸಾದೊ ಮಾಂಸವನ್ನು ಕೆಂಡದ ಮೇಲೆ ಸುಟ್ಟು ಮರದ ಹಲಗೆಯ ಮೇಲೆ ತಂದಿಟ್ಟನೆಂದರೆ, ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಯಾರಾದರೊಬ್ಬರು "ಸುಟ್ಟವನಿಗೆ ಒಂದು ಚಪ್ಪಾಳೆ" ಎಂದು ಕೂಗಲೇಬೇಕು. ಎಲ್ಲರೂ ತಟ್ಟುತ್ತಾರೆ. ಕಾಸಿಮಿರೊ ಕೈಯಲ್ಲಿನ ಇಕ್ಕಳವನ್ನು ಒಂದು ಗೇಣು ಮೇಲೆತ್ತಿ ತಕ್ಷಣ ಕೆಂಡದ ಕಡೆ ತಿರುಗಿಬಿಡುತ್ತಾನೆ. ಹೊಗಳಿಕೆಗೆ ಬೆನ್ನು ತೋರಿಸಲು ಅವನಿಗೆ ಬೆಂಕಿ ಒಂದು ಒಳ್ಳೆಯ ನೆಪ.

ಇದೇ ಮನುಷ್ಯ ಎಪ್ಪತ್ತರ ದಶಕದಲ್ಲಿ 'ಲೋಸ್ ತೆರೋಸ್' ಎಂಬ ರಾಕ್ ತಂಡದಲ್ಲಿ ಆರು ವರ್ಷ ಡ್ರಮ್ಸ್ ಬಾರಿಸಿದ್ದ. ಅದಕ್ಕಾಗಿ ಅವನೊಬ್ಬನಿಗೇ ಎಂದು ಯಾರಾದರೂ ಕೈ ತಟ್ಟಿದ್ದು ತಂಡದ ಹಾಡುಗಾರ ಎದ್ಗಾರ್ದೊಗೆ ನೆನಪಿಲ್ಲ. ತಾನೂ ತಟ್ಟಿರಲಿಲ್ಲ ಎಂಬುದು ಅವನ ತಲೆಗೆ ಹೊಳೆದದ್ದು ತನಗೆ ಎಪ್ಪತ್ತು ತುಂಬಲು ಒಂದೇ ವರ್ಷ ಬಾಕಿ ಇದ್ದಾಗ. ಕೆಲವರಿಗೆ ಬುದ್ಧಿ ಬರುವುದೇ ಹಾಗೆ, ಕೊನೆಯ ಬಸ್ಸಿಗೆ.

ಕ್ಲಬ್ಬಿಗೆ ಎಪ್ಪತ್ತೈದು ತುಂಬುವ ಭಾನುವಾರ ತೆರೋಸ್ ತಂಡದ ಒಂದು ಹಾಡಾದರೂ ಆಗಬೇಕೆಂದು ಅಧ್ಯಕ್ಷೆ ನೇಲಿದಾ ಹಟ ಹಿಡಿದಿದ್ದಳು. ಹರೆಯದಲ್ಲಿ ಅವರ ಹಾಡಿಗೆ ಇದೇ ಅಂಗಳದಲ್ಲಿ ಚಪ್ಪಲಿ ಹರಿಯುವಂತೆ ಕುಣಿದವಳು ಅವಳು.

"'ಎರಡನೇ ಪಾಳಿ' ಹಾಡಿಬಿಡು, ಸಾಕು," ಎಂದಳು. "ನಿನ್ನ ಗಿಟಾರ್ ಇದೆ, ಓಮಾರನ ಬೇಸ್ ಗಿಟಾರ್ ಇದೆ. ಡ್ರಮ್ಸಿಗೆ ಲೌತಾರೊನ ಒಪ್ಪಿಸಿದ್ದೀನಿ, ಲಾ ಪ್ಲಾತಾದಲ್ಲಿ ಈಗ ಅವನದೇ ಹೆಸರು. ಕಾಸಿಮಿರೊ ಹೇಗೂ ಬೆಂಕಿ ಹತ್ರ ಇರ್ತಾನೆ. ಇನ್ನೂರು ಜನರ ಊಟ."

"ಆಯ್ತು," ಎಂದ ಎದ್ಗಾರ್ದೊ. ಕಾಸಿಮಿರೊನನ್ನು ಒಂದು ಮಾತು ಕೇಳಿದೆಯಾ ಎಂದು ಅವನು ವಿಚಾರಿಸಲು ಹೋಗಲಿಲ್ಲ.

ಗುರುವಾರ ಸಂಜೆ ಅಭ್ಯಾಸಕ್ಕೆ ಸೇರಿದರು. ಲೌತಾರೊಗೆ ಇಪ್ಪತ್ತೆಂಟು, ಒಳ್ಳೆಯ ಸ್ವಭಾವ, ಗಿರಗಿರನೆ ತಿರುಗುವ ಕೈ. ಸುಮ್ಮನೆ ಬಿಟ್ಟ ಜಾಗವೇ ಇಲ್ಲ ಎನ್ನುವಂತೆ ಬಾರಿಸಿದ. ಮೊದಲ ಚರಣ ಸಲೀಸಾಗಿ ಹೋಯಿತು. ಎರಡನೆಯ ಚರಣದ ಮೂರನೆಯ ಸಾಲಿಗೆ ಬಂದಾಗ ಎದ್ಗಾರ್ದೊ ಎಡವಿದ. ಉದ್ದನೆಯ ಸಾಲು ಅದು, ಕಾರ್ಖಾನೆಯ ಸೈರನ್ ಕೂಗಿದ ಮೇಲೂ ಮನೆಗೆ ಹೋಗದೆ ಗೇಟಿನಲ್ಲಿ ನಿಂತವಳ ಬಗ್ಗೆ. ಅದನ್ನು ಹಿಡಿಯುವ ಮುಂಚೆ ಅವನಿಗೆ ಎದೆ ತುಂಬ ಉಸಿರು ಬೇಕು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ತಾಳ ಮುಂದೆ ಹೋಗಿಬಿಟ್ಟಿರುತ್ತಿತ್ತು.

"ಸ್ವಲ್ಪ ನಿಧಾನ ಮಾಡ್ಲಾ ದೊನ್ ಎದ್ಗಾರ್ದೊ?" ಎಂದ ಲೌತಾರೊ.

ನಿಧಾನ ಮಾಡಿದರೂ ಅಷ್ಟೇ. ಇಡೀ ಹಾಡು ಎಮ್ಮೆಯಂತೆ ನಡೆಯಿತೇ ಹೊರತು ಆ ಸಾಲು ಸಿಗಲಿಲ್ಲ. ನಾಲ್ಕು ಸಲ ಪ್ರಯತ್ನಿಸಿ ಎದ್ಗಾರ್ದೊ ಗಿಟಾರ್ ಕೆಳಗಿಟ್ಟ.

"ವಯಸ್ಸಾಯ್ತಪ್ಪ," ಎಂದ.

ಆದರೆ ಮನೆಗೆ ನಡೆಯುತ್ತಾ ಅವನಿಗೆ ಆ ಸಮಾಧಾನ ಉಳಿಯಲಿಲ್ಲ. ಇದೇ ಸಾಲಿನಲ್ಲಿ, ಇದೇ ಜಾಗದಲ್ಲಿ ಅವನು ಇಪ್ಪತ್ತೇಳನೇ ವಯಸ್ಸಿನಲ್ಲೂ ಎಡವಿದ್ದ.

ಅದು ಎಪ್ಪತ್ತೇಳನೆಯ ಇಸವಿ. ಆಗಿನ ದಿನಗಳೇ ಬೇರೆ, ದೇಶದಲ್ಲಿ ಸೈನ್ಯದ ಆಳ್ವಿಕೆ. ಕ್ಲಬ್ಬಿನಲ್ಲಿ ಚೆಂಡು ಉರುಳಿಸುವ ಬೊಚಾ ಆಟದ ಕಣದಲ್ಲಿ ಅಭ್ಯಾಸ. ಕಾಸಿಮಿರೊನ ದೊಡ್ಡ ಡ್ರಮ್ಮಿನೊಳಗೆ ಅವನ ಲಿಥುವೇನಿಯಾದ ಅಜ್ಜಿಯ ಉಣ್ಣೆ ಕಂಬಳಿ, ಸದ್ದು ಮೆತ್ತಗಾಗಲಿ ಎಂದು. ಚಳಿಗಾಲದಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ ಅದೇ ಕಂಬಳಿ ಮೂವರಿಗೂ. ಒಮ್ಮೆ ಸೈನಿಕರು ವ್ಯಾನ್ ನಿಲ್ಲಿಸಿ ಪ್ರತಿಯೊಂದು ಡ್ರಮ್ಮಿನ ಚರ್ಮ ಬಿಚ್ಚಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿದ್ದರು. ಎದ್ಗಾರ್ದೊ ಕೈ ಮೇಲೆತ್ತಿ ವ್ಯಾನಿಗೆ ಒರಗಿ ನಿಂತುಬಿಟ್ಟಿದ್ದ. ಕಾಸಿಮಿರೊ ಮಾತ್ರ ರಸ್ತೆ ಬದಿಯಲ್ಲಿ ಕೂತು ಒಂದೊಂದೇ ಸ್ಕ್ರೂ ತಿರುಗಿಸಿ ಎಲ್ಲವನ್ನೂ ಮತ್ತೆ ಕಟ್ಟಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಗಿ ಬಾರಿಸಿದ್ದ. ಅವನು ಸೋಲೊ ಬಾರಿಸಿದವನೇ ಅಲ್ಲ. ಕೊನೆಯಲ್ಲಿ ಎಲ್ಲರ ಹೆಸರು ಹೇಳಿ ಪರಿಚಯಿಸುವಾಗ ಎದ್ಗಾರ್ದೊ "ಹಿಂದೆ ನಮ್ಮ ಕಾಸಿಮಿರೊ" ಎಂದು ತಿರುಗಿಯೂ ನೋಡದೆ ಹೆಬ್ಬೆರಳು ತೋರಿಸುತ್ತಿದ್ದ.

ಆ ವರ್ಷ ಬ್ಯೂನಸ್ ಐರಿಸ್‌ನಿಂದ ರೆಕಾರ್ಡ್ ಕಂಪನಿಯವನೊಬ್ಬ ಬಂದು ಹಾಡು ಕೇಳಿ, "ಹಾಡು ಚೆನ್ನಾಗಿದೆ, ಡ್ರಮ್ಮರ್ ಏನೂ ಮಾಡಲ್ವಲ್ಲ. ನನ್ನ ಹತ್ರ ಒಳ್ಳೆಯವನಿದ್ದಾನೆ" ಎಂದ. ಆಗಲೂ ಎದ್ಗಾರ್ದೊ ಹೇಳಿದ್ದು "ಆಯ್ತು" ಎಂದೇ. ಅದನ್ನು ಕಾಸಿಮಿರೊಗೆ ತಿಳಿಸುವ ಧೈರ್ಯ ಮಾತ್ರ ಬರಲಿಲ್ಲ. ರೆಕಾರ್ಡಿಂಗಿಗೆ ಹೊರಡುವ ಬೆಳಿಗ್ಗೆ ಡ್ರಮ್ಸೆಲ್ಲ ವ್ಯಾನಿಗೆ ಏರಿಸಿದ ಮೇಲೆ ನೆಲ ನೋಡುತ್ತಾ ಹೇಳಿದ. ಕಾಸಿಮಿರೊ ಒಂದೊಂದನ್ನೇ ಕೆಳಗಿಳಿಸಿದ. ಆಮೇಲೆ ಒಳಗೆ ಹೋಗಿ, ಸುಟ್ಟ ಚೊರಿಸೊ ಸಾಸೇಜುಗಳನ್ನು ಬ್ರೆಡ್ಡಿನಲ್ಲಿಟ್ಟು ಕಾಗದ ಸುತ್ತಿ ತಂದು, "ದಾರೀಲಿ ತಿನ್ನಿ" ಎಂದ.

ಸ್ಟುಡಿಯೋದಲ್ಲಿ ಆ ಸಾಲನ್ನು ಮೂವತ್ತು ಸಲ ಹಾಡಿದರೂ ಕೂರಲಿಲ್ಲ. "ನಿನಗೆ ತಾಳವೇ ಇಲ್ಲ" ಎಂದು ರೆಕಾರ್ಡಿನವನು ರೇಗಿದ. ಗ್ರಾಮಫೋನ್ ತಟ್ಟೆ ಹೊರಬಂತು, ಕೊಳ್ಳುವವರಿಲ್ಲದೆ ಮೂಲೆ ಸೇರಿತು. ಎದ್ಗಾರ್ದೊ ಸ್ಟುಡಿಯೋದ ಚಳಿಗೆ ಗಂಟಲು ಕಟ್ಟಿತ್ತೆಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದ. ತನಗೆ ತಾಳವಿಲ್ಲವೆಂದು ಒಳಗೊಳಗೇ ನಂಬಿ, ತಂಡ ಬಿಟ್ಟು, ಮೂವತ್ತು ವರ್ಷ ಬಸ್ ಓಡಿಸಿದ.

ಶುಕ್ರವಾರ ಬೆಳಿಗ್ಗೆ ತಂಡದ ಬೇಸ್ ವಾದಕ ಓಮಾರ್ ಅವನನ್ನು ತನ್ನ ಅಡುಗೆಮನೆಗೆ ಕರೆದು, ಕೈಗೆ ಮತೆ ಎಲೆಯ ಬಿಸಿ ಕಷಾಯ ತುಂಬಿದ ಸೋರೆ ಬುರುಡೆ ಕೊಟ್ಟು, ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್ ಇಟ್ಟ. ಎಪ್ಪತ್ತಾರರಲ್ಲಿ ಕ್ಲಬ್ಬಿನಲ್ಲಿ ಹಾಡಿದ್ದರ ಕ್ಯಾಸೆಟ್.

"ಕೇಳು," ಎಂದ. "ಎರಡನೇ ಚರಣ."

ಎದ್ಗಾರ್ದೊ ಮತೆ ಹೀರುವ ಬಿಸಿ ಕೊಳವೆ ಕಚ್ಚಿಕೊಂಡು ಕೇಳಿದ. ತನ್ನದೇ ಎಳೆಯ ದನಿ. ಮೂರನೆಯ ಸಾಲಿಗೆ ಮುಂಚೆ ಉಸಿರೆಳೆದ ಸದ್ದು ಕೂಡ ಬಿದ್ದಿತ್ತು. ತಡವಾಗಿತ್ತು. ಆದರೆ ಹಾಡು ಮುಗ್ಗರಿಸಲಿಲ್ಲ, ಡ್ರಮ್ ಕಾಯುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು ಏಟು ಗಾಳಿಯಲ್ಲೇ ನಿಂತು, ಅವನು ಬಾಯಿ ತೆರೆದೊಡನೆ ಜೊತೆಗೇ ಬಿತ್ತು.

"ಇನ್ನೊಂದ್ಸಲ ಹಾಕು," ಎಂದ ಎದ್ಗಾರ್ದೊ. ಮತ್ತೆ ಕೇಳಿ, "ನಾನು ಆಗ್ಲೂ ತಡವೇನೋ?"

"ಪ್ರತಿ ಸಲ. ಕಾಸಿಮಿರೊನ ಭುಜ ಎದ್ದು ನಿಂತ್ರೆ ನೀನು ಉಸಿರು ತಗೋತಿದ್ದೀ ಅಂತ ನನಗೆ ಲೆಕ್ಕ. ನಾನೂ ನಿಲ್ತಿದ್ದೆ."

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲೋ."

"ಹೇಳಬೇಡ ಅಂದಿದ್ದ. 'ಗೊತ್ತಾದ್ರೆ ಆ ನರಪೇತಲ ಉಸಿರು ಎಣಿಸೋಕೆ ಶುರು ಮಾಡ್ತಾನೆ, ಹಾಡೋದು ಮರೀತಾನೆ' ಅಂದ." ಓಮಾರ್ ಬುರುಡೆಗೆ ಮತ್ತೆ ಬಿಸಿನೀರು ಬಿಟ್ಟ. "ಆಮೇಲೆ ನೀನು ಅವನನ್ನ ಬಿಟ್ಟು ಹೋದೆ. ಹೇಳಿ ಏನು ಮಾಡೋದಿತ್ತು?"

ಎದ್ಗಾರ್ದೊಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಇನ್ನೊಂದು ಭಯ. ಭಾನುವಾರ ಲೌತಾರೊನ ಜೊತೆ ಹಾಡಿದರೆ, ಬಿಟ್ಟು ಹೋಗುವುದು ಎರಡನೆಯ ಸಲ ಆಗುತ್ತದೆ. ಆಮೇಲೆ ಕ್ಷಮೆ ಕೇಳಿಕೊಳ್ಳಲು ಇಬ್ಬರಿಗೂ ಅಷ್ಟು ಆಯುಷ್ಯ ಉಳಿದಿಲ್ಲ.

ಅವನು ನೇರವಾಗಿ ಕಾಸಿಮಿರೊನ ಮಾಂಸದಂಗಡಿಗೆ ನಡೆದ. ಕಾಸಿಮಿರೊ ಬಿಳಿ ಏಪ್ರನ್ ಕಟ್ಟಿ ಗರಗಸದಿಂದ ಪಕ್ಕೆಲುಬು ಕತ್ತರಿಸುತ್ತಿದ್ದ. ಕಟ್ಟೆಯ ಮುಂದೆ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು.

"ಭಾನುವಾರ ನೀನೇ ಡ್ರಮ್ಸಿಗೆ ಕೂರಬೇಕು," ಎಂದ ಎದ್ಗಾರ್ದೊ.

"ಹುಡುಗ ಇದ್ದಾನಲ್ಲ."

"ಅವನು ಕಾಯಲ್ಲ."

ಗರಗಸ ನಿಂತಿತು. ಕಾಸಿಮಿರೊ ಅವನ ಮುಖ ನೋಡಿದ. "ಓಮಾರ್ ಬಾಯಿಬಿಟ್ನಾ?"

"ಕ್ಯಾಸೆಟ್ ಬಾಯಿಬಿಡ್ತು. ಆವತ್ತು ವ್ಯಾನ್ ಹತ್ರ... ಮುಂಚೇನೇ ಹೇಳಬೇಕಿತ್ತು ಕಣೋ. ಹೆದರಿಕೊಂಡೆ. ತಪ್ಪು ಮಾಡಿದೆ."

ಕಾಸಿಮಿರೊ ಏಪ್ರನ್ನಿಗೆ ಕೈ ಒರೆಸಿಕೊಂಡ. "ಹಿಂದಿನ ದಿನ ಹೇಳಿದ್ರೂ ಸಾಕಿತ್ತು. ಡ್ರಮ್ಸೆಲ್ಲ ಬಿಚ್ಚಿ, ಹಿತ್ತಾಳೆ ಹೊಳೆಯೋ ಹಾಗೆ ತಿಕ್ಕಿ ತಿಕ್ಕಿ ಬೆಳಗಿದ್ದೆ. ಬ್ಯೂನಸ್ ಐರಿಸ್‌ಗೆ ಹೋಗೋದಲ್ವ ಅಂತ."

ನಲವತ್ತೆರಡು ವರ್ಷಗಳಲ್ಲಿ ಅವನು ಆ ವಿಷಯ ಎತ್ತಿದ್ದು ಅದೊಂದೇ ಸಲ. ಎದ್ಗಾರ್ದೊನ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚುವ ಗೋಜಿಗೆ ಅವನು ಹೋಗಲಿಲ್ಲ.

"ಇಬ್ರೂ ಅತ್ತು ಮುಗಿಸಿದ್ರೆ," ಎಂದಳು ಕಟ್ಟೆಯ ಮುಂದಿನ ಹೆಂಗಸು, "ನನ್ನ ಪಕ್ಕೆಲುಬು ಕಟ್ಟಿಕೊಡ್ತೀರಾ? ಒಲೆ ಮೇಲೆ ನೀರಿಟ್ಟು ಬಂದಿದ್ದೀನಿ."

ಅವಳನ್ನು ಕಳಿಸಿ ಕಾಸಿಮಿರೊ ಎಡಗೈ ಮೇಲೆತ್ತಿ ತೋರಿಸಿದ. ನಲವತ್ತು ವರ್ಷ ಕತ್ತಿ, ಗರಗಸ ಹಿಡಿದು ಮಣಿಕಟ್ಟು ಬಾತು ಗಟ್ಟಿಯಾಗಿತ್ತು. "ನೋಡು, ನಾನು ಹೇಳಿದ್ದು ಇದಕ್ಕೆ ತಡವಾಗಿ ಕೇಳುತ್ತೆ. ನಿನ್ನನ್ನ ಕಾಯೋದಿರ್ಲಿ, ನನ್ನನ್ನೇ ನಾನು ಕಾಯ್ಬೇಕು. ಜನರ ಮುಂದೆ ನಿನ್ನ ಹಾಡು ಕೆಡುತ್ತೆ."

"ಕೆಡಲಿ."

"ಬೆಂಕಿ ಯಾರು ನೋಡ್ತಾರೆ?"

ಇದಕ್ಕೆ ಎದ್ಗಾರ್ದೊ ತಲೆ ಕೆರೆದುಕೊಂಡ. ಅಸಾದೊದ ಕಟ್ಟಳೆಯೇ ಹಾಗೆ, ಒಬ್ಬನು ಹಚ್ಚಿದ ಬೆಂಕಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಹೆಂಡತಿಯಾದರೂ ಸರಿ, ಪಾದ್ರಿಯಾದರೂ ಸರಿ. ಕಾಸಿಮಿರೊ ಇಂದಿನವರೆಗೆ ಇಕ್ಕಳವನ್ನು ಯಾರ ಕೈಗೂ ಕೊಟ್ಟವನಲ್ಲ.

"ಭಾನುವಾರ ನೋಡೋಣ," ಎಂದಷ್ಟೇ ಹೇಳಿ ಅವನು ಗರಗಸಕ್ಕೆ ಮರಳಿದ. ಹೌದೋ ಅಲ್ಲವೋ, ಎದ್ಗಾರ್ದೊಗೆ ತಿಳಿಯಲಿಲ್ಲ.

ಭಾನುವಾರ ಹನ್ನೆರಡೂವರೆಗೆ ಅಂಗಳ ತುಂಬಿತ್ತು. ಉದ್ದದ ಜಾಲರಿಯ ಮೇಲೆ ಮಾಂಸ ಸಣ್ಣಗೆ ಚಿಟಪಟ ಎನ್ನುತ್ತಿತ್ತು. ಎದ್ಗಾರ್ದೊ ವೇದಿಕೆ ಹತ್ತದೆ ಜಾಲರಿಯ ಪಕ್ಕದಲ್ಲೇ ನಿಂತಿದ್ದ. ಬೆವರೊರೆಸಿಕೊಳ್ಳುತ್ತಾ ನೇಲಿದಾ ಬಂದಳು.

"ಎಲ್ರೂ ಕಾಯ್ತಿದ್ದಾರೆ, ನಡಿ."

"ಇವನು ಬಂದ್ರೆ ಬರ್ತೀನಿ. ಇಲ್ಲಾಂದ್ರೆ ಹಾಡಲ್ಲ."

"ಇದೇನು ಮದುವೆ ಮನೇನಾ, ಮುನಿಸಿಕೊಂಡು ಕೂರೋಕೆ?" ಎಂದು ನೇಲಿದಾ ಸಿಡುಕಿದಳು. ಎದ್ಗಾರ್ದೊ ಕದಲಲಿಲ್ಲ. ಈ ಸಲ "ಆಯ್ತು" ಎನ್ನಲು ಅವನ ನಾಲಿಗೆ ಏಳಲಿಲ್ಲ.

ಕಾಸಿಮಿರೊ ಅಂಗೈಯನ್ನು ಜಾಲರಿಯ ಮೇಲೆ ಹಿಡಿದು ಶಾಖ ನೋಡಿದ. ಸುತ್ತ ಕಣ್ಣಾಡಿಸಿದ. ಡ್ರಮ್ ಕಡ್ಡಿಗಳನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದ ಲೌತಾರೊನನ್ನು ಕರೆದ.

"ಆ ಕಡ್ಡಿ ಇಲ್ಲಿ ಕೊಡು. ಇದನ್ನ ಹಿಡಿ." ಇಕ್ಕಳ ಕೈ ಬದಲಾಯಿತು. ಸುತ್ತಲಿನವರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದು ತೋರಿಸಿದರು. "ಕಾಲು ಗಂಟೆ ಬಿಟ್ಟು ತಿರುಗಿಸು. ಒಂದೇ ಸಲ. ಚುಚ್ಚಬೇಡ, ಅಲ್ಲಾಡಿಸಬೇಡ. ಕೈ ತುರಿಸುತ್ತೆ, ತಡ್ಕೋ."

"ಸುಮ್ನೆ ನಿಂತಿರಬೇಕಾ ದೊನ್ ಕಾಸಿಮಿರೊ?"

"ಅದೇ ಕೆಲಸ."

ಲೌತಾರೊ ಎರಡೂ ಕೈಯಲ್ಲಿ ಇಕ್ಕಳ ಹಿಡಿದು ಪೂಜೆಗೆ ನಿಂತವನಂತೆ ನಿಂತ.

ಹಾಡು ಶುರುವಾಯಿತು. ಕಾಸಿಮಿರೊನ ಕೈ ಹಳೆಯದೇ: ಒಂದು ಏಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎಡಗೈ ಅಲ್ಲಲ್ಲಿ ಹಿಂದೆ ಬಿತ್ತು. ಓಮಾರ್ ಭುಜ ನೋಡಿಕೊಂಡು ಸಂಭಾಳಿಸಿದ. ಎದ್ಗಾರ್ದೊನ ಎದೆಯಲ್ಲಿ ಅಜ್ಜಿಯ ಕಂಬಳಿಯ ಬೆಚ್ಚಗಿನ ವಾಸನೆ ಎದ್ದಂತಾಯಿತು. ಎರಡನೆಯ ಚರಣದ ಮೂರನೆಯ ಸಾಲು ಹತ್ತಿರ ಬಂದಾಗ ಅವನು ಹಿಂದೆಂದೂ ಮಾಡದ್ದನ್ನು ಮಾಡಿದ. ಮೈಕನ್ನು ಎಳೆದುಕೊಂಡು, ಜನರಿಗೆ ಬೆನ್ನು ಹಾಕಿ, ಡ್ರಮ್ಸಿನ ಕಡೆ ತಿರುಗಿ ನಿಂತ.

ಕಾಸಿಮಿರೊನ ಭುಜ ಎದ್ದಿತು. ಎದ್ಗಾರ್ದೊ ಉಸಿರೆಳೆದುಕೊಂಡ. ಭುಜ ಕಾಯಿತು, ಅವನು ಸಿದ್ಧನಾದ. ಆದರೆ ಎಡಗೈ ಇಳಿಯಲಿಲ್ಲ. ಬಾತ ಮಣಿಕಟ್ಟು ಗಾಳಿಯಲ್ಲಿ ಸಿಕ್ಕಿಕೊಂಡಿತ್ತು. ಕಾಸಿಮಿರೊನ ಮುಖ ಬಿಳಿಚಿತು, ಹಾಡು ಕೆಡಿಸಿದೆನೆಂಬ ಗಾಬರಿ ಅವನ ಕಣ್ಣಿಗೆ ಬಂತು. ಎದ್ಗಾರ್ದೊ ಬಾಯಿ ತೆರೆಯಲಿಲ್ಲ. ಎದೆ ತುಂಬಿದ ಉಸಿರನ್ನು ಹಾಗೆಯೇ ಹಿಡಿದು, ಅವನ ಕಣ್ಣಲ್ಲಿ ಕಣ್ಣಿಟ್ಟು ಕಾದ. ಕೈ ಇಳಿಯಿತು. ಏಟು, ಬೇಸ್, ಸಾಲು ಮೂರೂ ಒಟ್ಟಿಗೆ ಬಿದ್ದವು. ಸೈರನ್ ಕೂಗಿದ ಮೇಲೂ ಗೇಟಿನಲ್ಲಿ ನಿಂತವಳನ್ನು ಎದ್ಗಾರ್ದೊ ಒಂದೇ ಉಸಿರಿನಲ್ಲಿ ಕೊನೆಯವರೆಗೂ ಹಾಡಿದ.

ಹಾಡು ಮುಗಿದಾಗ ಅವನು ಜನರತ್ತ ತಿರುಗಲಿಲ್ಲ. ಗಿಟಾರನ್ನು ಬೆನ್ನಿಗೆ ಸರಿಸಿ, ಡ್ರಮ್ಸಿನ ಎದುರು ನಿಂತು, ತಾನೇ ಮೊದಲು ಚಪ್ಪಾಳೆ ಹೊಡೆಯಲು ಶುರು ಮಾಡಿದ. ಓಮಾರ್ ಸೇರಿಕೊಂಡ. ನೇಲಿದಾ ಎದ್ದು ನಿಂತಳು, ಆಮೇಲೆ ಬೆಂಚುಗಳೆಲ್ಲ ಎದ್ದವು.

ಕಾಸಿಮಿರೊ ಕತ್ತು ಉದ್ದ ಮಾಡಿ ಜಾಲರಿಯ ಕಡೆ ಇಣುಕಿದ.

"ಯಾಕೋ, ಮಾಂಸ ಇಳಿಸಿಬಿಟ್ನಾ ಆ ಹುಡುಗ? ಇನ್ನೂ ಅರ್ಧ ಗಂಟೆ ಬೇಕಲ್ಲ."

"ಇಳಿಸಿಲ್ಲ," ಎಂದ ಎದ್ಗಾರ್ದೊ. "ಇದು ಮಾಂಸಕ್ಕಲ್ಲ ಕಣೋ. ನಿನಗೆ."

ಕಾಸಿಮಿರೊ ಅಭ್ಯಾಸದಂತೆ ಬಲಗೈಯನ್ನು ಒಂದು ಗೇಣು ಮೇಲೆತ್ತಿದ. ಆಮೇಲೆ ತಿರುಗಿಕೊಳ್ಳಲು ನೋಡಿದ. ಬೆನ್ನ ಹಿಂದೆ ಬೆಂಕಿ ಇರಲಿಲ್ಲ, ಗೋಡೆಯಿತ್ತು. ಬೇರೆ ದಾರಿಯಿಲ್ಲದೆ ಅವನು ಅಲ್ಲೇ ಕೂತು, ಚಪ್ಪಾಳೆ ಮುಗಿಯುವವರೆಗೂ ಕೇಳಿದ.