ನೋಡದೇ ಇದ್ದರೆ ಎದ್ದಿರುತ್ತವೆ

ಮನೆಯ ಹಿಂದಿನ ಕೈತೋಟ ಅತ್ತೆಯದು. ಅತ್ತೆ ಎಂದರೆ ಗುಂಡಿಗೆ ಅತ್ತೆ, ಗುಂಡಿಯ ಅಪ್ಪನಿಗೆ ಅಕ್ಕ, ಬೀದಿಗೆಲ್ಲ ಹೊಲಿಗೆಯವಳು. ಅಂಗಿಯ ಗುಂಡಿಯ ಹಾಗೆ ದುಂಡಗೆ ಹುಟ್ಟಿದ ಮಗುವಿಗೆ ಆ ಅಡ್ಡಹೆಸರು ಇಟ್ಟವಳೂ ಅವಳೇ.

ಮಕ್ಕಳು ಪ್ರಕೃತಿಯನ್ನು ಕೈಯಾರೆ ಮುಟ್ಟಿ ಕಲಿಯಬೇಕು ಎಂದು ಯಾವುದೋ ಪತ್ರಿಕೆಯಲ್ಲಿ ಓದಿಕೊಂಡು ಬಂದವನು ಮಾತ್ರ ಅತ್ತೆಯ ತಮ್ಮ, ಗುಂಡಿಯ ಅಪ್ಪ. ಔಷಧಿ ಅಂಗಡಿಯಲ್ಲಿ ನಿಂತು ಮಾತ್ರೆ ಮಾರುವ ಅವನಿಗೆ ಮಣ್ಣು ಕಂಡರೇ ಕೈ ತೊಳೆಯುವ ಅಭ್ಯಾಸ. ಆದರೂ ಮಗಳಿಗೊಂದು ಹಳದಿ ನೀರಿನ ಡಬ್ಬ ತಂದ. ಅತ್ತೆ ಬದನೆ ಸಾಲಿನ ಪಕ್ಕದ ಮೂಲೆ ಬಿಟ್ಟುಕೊಟ್ಟಳು. ಆ ಮೂಲೆಗೆ ಗುಂಡಿಯೇ ನೀರು ಹಾಕಬೇಕು, ಬೇರೆ ಯಾರೂ ಹಾಕಕೂಡದು ಎಂದು ಮಾತಾಯಿತು. ಗುಂಡಿ ಟೊಮೆಟೊ ಬೀಜ ಊರಿದಳು. ಮೊಳಕೆ ಕಂಡ ದಿನ ಊಟಕ್ಕೆ ಕರೆದರೂ ಅಲ್ಲಿಂದ ಏಳಲಿಲ್ಲ.

ಆಮೇಲೆ ಬಿಸಿಲು ಏರಿತು, ಬೀದಿಯಲ್ಲಿ ಹಗ್ಗದಾಟ ಶುರುವಾಯಿತು, ಡಬ್ಬ ಕವುಚಿ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ಗಿಡ ಗೋಣು ಚೆಲ್ಲಿ ಮಲಗಿತ್ತು. ಗುಂಡಿಯ ತುಟಿ ನಡುಗಿತು. ಅಷ್ಟರಲ್ಲಿ ಶಾಲೆಯ ಗಾಡಿ ಬಂತು, ಹೋದಳು. ಸಂಜೆ ಬಂದು ಅಳಲಿ, ಅತ್ತ ಮೇಲೆ ಹೇಳಿಕೊಟ್ಟರಾಯಿತು ಎಂದುಕೊಂಡು ಅತ್ತೆ ಮಿಷಿನ್ ತುಳಿಯುತ್ತಿದ್ದಳು. ಮಧ್ಯಾಹ್ನ ಕಿಟಕಿಯಾಚೆ ಕಣ್ಣು ಹಾಯಿಸಿದರೆ ತಮ್ಮ ಕುಕ್ಕರುಗಾಲಲ್ಲಿ ಕೂತು, ನರ್ಸರಿಯಿಂದ ತಂದ ಅಷ್ಟೇ ಎತ್ತರದ ಟೊಮೆಟೊ ಗಿಡವನ್ನು ಅದೇ ಜಾಗದಲ್ಲಿ ನೆಡುತ್ತಿದ್ದಾನೆ. ಸತ್ತದ್ದು ಪಕ್ಕದ ಪ್ಲಾಸ್ಟಿಕ್ ಚೀಲದಲ್ಲಿತ್ತು.

“ಏನೋ ಇದು?”

“ಸುಮ್ನಿರಕ್ಕ. ಮಗು ಅಳುತ್ತೆ.”

“ಅಳ್ಲಿ ಬಿಡು. ನೀನು ಅಳದೇನೇ ಇಷ್ಟುದ್ದ ಬೆಳೆದ್ಯಾ?”

“ನಿನ್ ದಮ್ಮಯ್ಯ, ಹೇಳ್ಬೇಡ.”

ಅವನು ಚಡ್ಡಿ ಹಾಕುವ ಕಾಲದಿಂದಲೂ ಆ ದಮ್ಮಯ್ಯಕ್ಕೆ ಸೋತವಳು ಅತ್ತೆ. ಬಾಯಿಗೆ ಹೊಲಿಗೆ ಹಾಕಿಕೊಂಡಳು. ಸಂಜೆ ಗುಂಡಿ ಗಿಡ ನೋಡಿ ಕುಣಿದಾಡಿದಳು. ಇದೇ ಕಥೆ ಇನ್ನೂ ಎರಡು ಸಲ ನಡೆಯಿತು.

ಗುಂಡಿಯ ಗಿಡದ ಕೀರ್ತಿ ಶಾಲೆಗೂ ಮುಟ್ಟಿತು. ರಜೆ ಬಿಡುವ ದಿನ ಟೀಚರ್ ಇಡೀ ತರಗತಿ ಕಪ್ಪುಗಳಲ್ಲಿ ಬೆಳೆಸಿದ್ದ ಬೀನ್ಸ್ ಸಸಿಗಳನ್ನು ತಟ್ಟೆಯಲ್ಲಿ ಜೋಡಿಸಿ ಅವಳ ಕೈಗೇ ಕೊಟ್ಟರು. ಒಂದೊಂದು ಕಪ್ಪಿನ ಮೇಲೂ ಒಂದೊಂದು ಮಗುವಿನ ಹೆಸರು. ಗುಂಡಿ ಅವನ್ನು ಮಹಡಿಯ ಮೇಲಿಟ್ಟು, ಯಾರೂ ಹತ್ತಿರ ಸುಳಿಯಕೂಡದೆಂದು ಕಟ್ಟಪ್ಪಣೆ ಮಾಡಿದಳು. ಅತ್ತೆಯ ಮೊಣಕಾಲಿಗೂ ಮಹಡಿಯ ಮೆಟ್ಟಿಲಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

ರಜೆಯ ಕೊನೆಯ ಸಂಜೆ ಅತ್ತೆ ಕೇಳಿದಳು, “ಸಸಿಗಳು ಹೇಗಿವೆಯೇ?”

“ಮಲಗಿವೆ ಅತ್ತೆ.”

“ಮಲಗಿವೆ ಅಂದ್ರೆ? ನೀರು ಹಾಕಿದ್ಯೋ ಇಲ್ವೋ?”

“ನೀರು ಯಾಕೆ? ನಾವು ನೋಡ್ಬಾರ್ದು ಅಷ್ಟೇ. ನೋಡದೇ ಇದ್ರೆ ಬೆಳಿಗ್ಗೆ ಹೊತ್ತಿಗೆ ಎದ್ದಿರ್ತವೆ. ಟೊಮೆಟೊ ಗಿಡ ಏಳುತ್ತಲ್ಲ, ಹಾಗೆ.” ಅಷ್ಟು ಹೇಳಿ ಆಟಕ್ಕೆ ಓಡಿದಳು.

ಅತ್ತೆ ತಮ್ಮನಿಂದ ತಟ್ಟೆ ಕೆಳಗೆ ತರಿಸಿದಳು. ಸಸಿಗಳು ಕತ್ತರಿಸಿ ಬಿಸಾಡಿದ ದಾರದ ತುಂಡುಗಳಂತಿದ್ದವು, ಮುಟ್ಟಿದರೆ ಪುಡಿ.

ತಮ್ಮ ತಲೆ ಕೆರೆದುಕೊಂಡ. “ಇಷ್ಟೊಂದು ಒಟ್ಟಿಗೆ ನರ್ಸರೀಲಿ ಸಿಗುತ್ತೋ ಇಲ್ವೋ. ಫೋನ್ ಮಾಡಿ ನೋಡ್ತೀನಿ.”

ಅತ್ತೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. “ಮಾಡು, ಮಾಡು. ನಾಳೆ ನಾನು ಸತ್ರೆ ನನ್ನಷ್ಟೇ ಎತ್ತರದ ಇನ್ನೊಬ್ಬಳನ್ನ ತಂದು ಈ ಮಿಷಿನ್ ಮುಂದೆ ಕೂರಿಸು. ಮಗು ಅಳಬಾರ್ದಲ್ಲ. ನೀರು ಬೇಕು ಅಂತ ಗಿಡಾನೇ ಹೇಳೋಕೆ ಹೊರಟಿತ್ತು ಕಣೋ, ನೀನು ಅದರ ಬಾಯಿ ಮುಚ್ಚಿಸಿದೆ. ಹೆತ್ತ ಮಗಳ ಕಣ್ಣಿಗೆ ಮೂರು ಸಲ ಮಣ್ಣೆರಚಿದೆ, ಅದೂ ನನ್ನ ತೋಟದ ಮಣ್ಣು.”

“ಮೆಲ್ಲಗೆ ಅಕ್ಕ, ಅವಳಿಗೆ ಕೇಳಿಸುತ್ತೆ.”

ಕೇಳಿಸಿತ್ತು. ಗುಂಡಿ ಬಾಗಿಲಲ್ಲಿ ನಿಂತಿದ್ದಳು.

“ಹಾಗಾದ್ರೆ ನಾನು ಊರಿದ್ದು ಎಲ್ಲಿದೆ?”

“ಸತ್ತುಹೋಯ್ತು. ಮೊದಲನೇ ಸಲಾನೇ,” ಎಂದಳು ಅತ್ತೆ.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಗುಂಡಿ ಇಬ್ಬರನ್ನೂ ಒಮ್ಮೆ ನೋಡಿದಳು, ತಟ್ಟೆಯನ್ನೊಮ್ಮೆ ನೋಡಿದಳು. “ಹಾಗಾದ್ರೆ ಇವನ್ನ ಸಾಯಿಸಿದ್ದು ನಾನೊಬ್ಬಳೇ ಅಲ್ಲ.”

ಅಳಲಿಲ್ಲ. ಇಷ್ಟು ದಿನ ಅಪ್ಪ ತಡೆದು ತಡೆದು ಇಟ್ಟಿದ್ದ ಅಳು ಈಗ ಕರೆದರೂ ಬರುವ ಹಾಗಿರಲಿಲ್ಲ. ಅತ್ತೆಯ ಸಿಟ್ಟು ಹಾಗೇ ಇತ್ತು. ಅದನ್ನು ತಮ್ಮನೊಬ್ಬನ ಮೇಲೇ ಸುರಿಯುವಂತೆ ಮಾತ್ರ ಇನ್ನಿರಲಿಲ್ಲ.

ಬೆಳಿಗ್ಗೆ ತಮ್ಮ ಮತ್ತೆ ಶುರು ಮಾಡಿದ. “ಬೆಕ್ಕು ಬೀಳಿಸ್ತು ಅಂತ ಟೀಚರಿಗೆ ಹೇಳು ಪುಟ್ಟ.”

“ನಮ್ಮನೇಲಿ ಬೆಕ್ಕಿಲ್ಲ,” ಎಂದು ಗುಂಡಿ ತಟ್ಟೆ ಎತ್ತಿಕೊಂಡಳು. ಗಾಡಿ ಹತ್ತಲಿಲ್ಲ, ಅಪ್ಪನ ಸ್ಕೂಟರನ್ನೂ ಹತ್ತಲಿಲ್ಲ. ನಡೆದೇ ಹೊರಟಳು. ಅತ್ತೆ ಕುಂಟುತ್ತ ಹಿಂದೆ ಹಿಂದೆ ಹೋದಳು.

ತರಗತಿಯ ಬಾಗಿಲಲ್ಲಿ ಅತ್ತೆ ನಿಂತುಕೊಂಡಳು. ಗುಂಡಿ ತಿರುಗಿ ನೋಡಿದಳು. “ನೀನೂ ಒಳಗೆ ಬಾ. ನಿಂಗೆ ಗೊತ್ತಿತ್ತಲ್ಲ.”

ಮಕ್ಕಳು ಓಡಿಬಂದು ತಂತಮ್ಮ ಹೆಸರಿನ ಕಪ್ಪು ಹುಡುಕಿಕೊಂಡರು. ಒಬ್ಬಳು ಸಣ್ಣಗೆ ಅಳತೊಡಗಿದಳು.

“ನಾನು ನೀರು ಹಾಕಲಿಲ್ಲ,” ಎಂದಳು ಗುಂಡಿ. “ಅದಕ್ಕೇ ಸತ್ತವು. ಇನ್ನು ಏಳಲ್ಲ.” ಆಮೇಲೆ ಅತ್ತೆಯ ಕಡೆ ತಿರುಗಿ ಕಾದಳು.

ಟೀಚರ್ ಕುರ್ಚಿ ತೋರಿಸಿದರು. ಅತ್ತೆ ಕೂರಲಿಲ್ಲ.

“ಮೊದಲನೇ ಗಿಡ ಸತ್ತ ದಿನ,” ಎಂದು ಶುರು ಮಾಡಿದಳು, “ನಾನು ಕಿಟಕಿಯಿಂದ ನೋಡ್ತಾ ಇದ್ದೆ.”