ಅಮ್ಮನ ಪದದ ಮೇಲೆ ಕಠಾರಿ

ಪಾದ್ರಿ ಆರ್ಮರಾಡ್ ಅವರ ಗಡ್ಡ ಹೊಟ್ಟೆಯವರೆಗೆ ಇಳಿದಿತ್ತು. ಬೆಳಗ್ಗೆ ತಿಂದ ಮೊಟ್ಟೆಯ ಚೂರು ಮಧ್ಯಾಹ್ನದವರೆಗೂ ಅದರಲ್ಲೇ ಇರುತ್ತಿತ್ತು. ಗಡ್ಡ, ಬಿರುಗೂದಲು, ತೆನೆಯ ತುದಿಯಲ್ಲಿ ಮುಳ್ಳಿನಂತೆ ಚುಚ್ಚುವ ಸುಂಕು, ಇವುಗಳಿಗಿದ್ದ ಹಳೆಯ ಇಂಗ್ಲಿಷ್ ಪದಗಳ ಕೋಶವನ್ನು ಅವರು ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದರು. ಅಂದರೆ ಕಟ್ಟುತ್ತಿದ್ದವಳು ಅವರ ಸಹಾಯಕಿಯಾದ ನಾನು, ಅವರು ಗಡ್ಡ ನೀವಿಕೊಳ್ಳುತ್ತಿದ್ದರು.

ಹಂದಿಯ ಬೆನ್ನ ಮೇಲಿನ ಬಿರುಗೂದಲಿಗೆ ಹಿಂದಿನವರು 'ಬ್ಯುರ್ಸ್ಟ್' ಎನ್ನುತ್ತಿದ್ದರು. ಈಗಿನ 'ಬ್ರಿಸಲ್' ಅದರ ಸಂತಾನ. ಇಂಥ ಒಂದೊಂದು ಪದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಪುಸ್ತಕದ ಹೆಸರು, ಪುಟ, ಇಸವಿ. ಬಳಕೆ ತಪ್ಪಿದ ಪದದ ಮುಂದೆ ಪುಟ್ಟದೊಂದು ಕಠಾರಿಯ ಗುರುತು ಹಾಕುತ್ತಿದ್ದೆವು, ಆ ಪದ ಸತ್ತಿದೆ ಎಂದು. ಬರಹದಲ್ಲಿ ಸಿಗದ ಮಾತು ಪಾದ್ರಿಗಳ ಲೆಕ್ಕದಲ್ಲಿ ಮಾತೇ ಅಲ್ಲ. ಪುಸ್ತಕದ ಬದನೆಕಾಯಿಗೆ ಅದಕ್ಕಿಂತ ಒಳ್ಳೆಯ ತೋಟ ಇಂಗ್ಲೆಂಡಿನಲ್ಲಿ ಇರಲಿಲ್ಲ.

ಒಂದು ದಿನ ಅವರು 'ಏಲ್' ಎಂಬ ಪದಕ್ಕೆ ಕಠಾರಿ ಹಾಕಿದರು. ಬಾರ್ಲಿ ತೆನೆಯ ಸುಂಕು ಎಂದು ಅದರ ಅರ್ಥ. ಒಂಬೈನೂರು ವರ್ಷದ ಹಿಂದೆ ಯಾರೋ ಸುವಾರ್ತೆಯನ್ನು ಇಂಗ್ಲಿಷಿಗೆ ತರುವಾಗ, ಯೇಸು ಹೇಳುವ ಸಹೋದರನ ಕಣ್ಣಿನೊಳಗಿನ ಕಸಕ್ಕೆ ಇದರ ಹಳೆಯ ರೂಪವನ್ನೇ ಬಳಸಿದ್ದರು. ಪಾದ್ರಿಗಳ ಚೀಟಿ ಅಲ್ಲಿಗೇ ನಿಂತಿತ್ತು.

"ನಮ್ಮ ಎಸೆಕ್ಸ್ ಸೀಮೆಯಲ್ಲಿ ನಮ್ಮಮ್ಮ ದಿನಾ ಆಡೋ ಮಾತು ಇದು, ಪಾದ್ರಿಗಳೇ," ಎಂದೆ.

"ಯಾವ ಪುಸ್ತಕದಲ್ಲಿ ಆಡಿದಾರೆ, ಮಿಸ್ ಟ್ರಾಂಟರ್?"

ನನಗೆ ಮೈಯೆಲ್ಲ ಉರಿಯಿತು. ಬದುಕಿರುವ ನನ್ನಮ್ಮನ ಬಾಯೊಳಗಿನ ಮಾತನ್ನು ಸತ್ತಿದೆ ಎಂದು ಅಚ್ಚು ಹಾಕಿಸಲು ನಾನು ಬಿಡುವವಳಲ್ಲ. ಶನಿವಾರ ಅಮ್ಮನನ್ನೇ ಕರೆತಂದು ಅವರೆದುರು ಕೂರಿಸಿದೆ. ಅಮ್ಮ ನಲವತ್ತು ಸುಗ್ಗಿ ಬಾರ್ಲಿ ಬಡಿದವಳು. ಎಡಗಣ್ಣು ಇಲ್ಲ.

"ಕಣ್ಣಿಗೆ ಏನಾಯ್ತಮ್ಮ?" ಪಾದ್ರಿ ಕೇಳಿದರು.

"ಏಲ್ ಬಿತ್ತು ಸ್ವಾಮಿ. ಉಜ್ಜಿಬಿಟ್ಟೆ. ಕೀವಾಗಿ ಹೋಯ್ತು."

"ಆ ಪದ ಸತ್ತು ಒಂಬೈನೂರು ವರ್ಷ ಆಯ್ತಮ್ಮ."

"ಹಂಗಾದ್ರೆ ಅದರ ದೆವ್ವ ಬಂದು ಚುಚ್ಚಿರ್ಬೇಕು! ನಮ್ಮೂರ ಕಣಕ್ಕೆ ಬನ್ನಿ ಸ್ವಾಮಿ, ನಿಮ್ಮ ಗಡ್ಡಕ್ಕೂ ನಾಲ್ಕು ಮೆತ್ಕೊಳ್ಲಿ. ಸತ್ತಿದಾವೋ ಬದುಕಿದಾವೋ ಮೈ ತುರಿಕೆನೇ ಹೇಳುತ್ತೆ."

ಪಾದ್ರಿ ನಗಲಿಲ್ಲ. ಆದರೆ ಅಮ್ಮನ ಒಂದೊಂದು ಮಾತನ್ನೂ ಬರೆದುಕೊಂಡರು. ಒಂದು ಲೋಟ ಟೀ ಕೂಡ ಕೊಡದೆ ಕಳಿಸಿದರು.

ಮೂರು ತಿಂಗಳಿಗೆ ವಿದ್ವಾಂಸರ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು: ಸತ್ತಿತೆಂದುಕೊಂಡಿದ್ದ ಪದವನ್ನು ತಾವು ಜೀವಂತ ಹಿಡಿದ ಸಾಹಸ. ಅಮ್ಮ ಅದರಲ್ಲಿ 'ಒಬ್ಬ ಅನಕ್ಷರಸ್ಥ ಮುದುಕಿ'. ಕೋಶದ ಕರಡು ಅಚ್ಚಿನಲ್ಲಿ ಕಠಾರಿ ಹೋಗಿತ್ತು. ಪದ ಬದುಕಿದೆ ಎನ್ನಲು ಒಂದೇ ಒಂದು ಸಾಕ್ಷಿ ಇತ್ತು, ಅವರದೇ ಲೇಖನ: ಆರ್ಮರಾಡ್, ಪುಟ ಹದಿನೇಳು, ಇಸವಿ ೧೮೮೪. ಕಳ್ಳತನಕ್ಕೆ ಇಷ್ಟು ಅಚ್ಚುಕಟ್ಟಾದ ರಸೀದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಭಾನುವಾರ ಕರಡನ್ನು ಊರಿಗೆ ಒಯ್ದು ಅಮ್ಮನಿಗೆ ಓದಿ ಹೇಳಿದೆ.

"ಇಲ್ಲಿ ಯಾರ ಹೆಸರು ಹಾಕವ್ರೆ?" ಎಂದಳು.

"ಪಾದ್ರಿಗಳದ್ದು."

"ಓಹೋ. ಅವರ ಕಣ್ಣಿಗೆ ಯಾವಾಗ ಬಿತ್ತಂತೆ?"

ಆ ಸಾಲನ್ನು ಹೊಡೆದುಹಾಕುವ ಸೀಸದಕಡ್ಡಿ ನನ್ನ ಕೈಯಲ್ಲೇ ಇತ್ತು. ಸಾಲು ಹೋದರೆ ಸಾಕ್ಷಿ ಹೋಗುತ್ತದೆ, ಕಠಾರಿ ಮತ್ತೆ ಅಮ್ಮನ ಮಾತಿನ ಮೇಲೇ ಬೀಳುತ್ತದೆ. ಸೋಮವಾರ ಕರಡನ್ನು ಇದ್ದ ಹಾಗೆಯೇ ಅಚ್ಚಿಗೆ ಕಳಿಸಿದೆ.