ನೋವಿಲ್ಲದ ಹಲ್ಲು

ಬೋರವ್ವನ ಬಾಯಲ್ಲಿ ಉಳಿದಿದ್ದ ಅಲ್ಲಾಡುವ ಹಲ್ಲುಗಳನ್ನು ಕೀಳಿಸಲು ಸೊಸೆ ಸುರೇಖಾ ಅವಳನ್ನು ರಾಮಥಾಳದಿಂದ ಬಾಗಲಕೋಟೆಗೆ ಕರೆತಂದಿದ್ದಳು. ವಿದ್ಯಾಗಿರಿಯ ದವಾಖಾನೆಯಲ್ಲಿ ಹಲ್ಲಿನ ಡಾಕ್ಟರ್ ಅನುರಾಧಾ ಮುದುಕಿಯ ಹಲ್ಲು ಕಿತ್ತು ಹತ್ತಿ ಕಚ್ಚಿಸಿ ಕೂರಿಸಿದರು. ಆಮೇಲೆ ಸುರೇಖಾಳತ್ತ ತಿರುಗಿದರು.

"ಹೆಂಗೂ ಬಂದೀರಿ, ನಿಮ್ಮವೂ ಒಮ್ಮೆ ನೋಡಿಬಿಡ್ತೇನಿ."

"ನನಗೇನೂ ಆಗಿಲ್ರಿ ಮೇಡಂ," ಎನ್ನುತ್ತಲೇ ಸುರೇಖಾ ಕುರ್ಚಿಯಲ್ಲಿ ಕೂತಳು.

ಡಾಕ್ಟರ್ ಕನ್ನಡಿ ಹಿಡಿದು ತೋರಿಸಿದರು. ದವಡೆಯ ಹಲ್ಲೊಂದರ ನಡುವೆ ಎಳ್ಳಿನಷ್ಟು ಕಪ್ಪು.

"ಹುಳುಕು ಹತ್ತೇತಿ. ಈಗ ತುಂಬಿಸಿದ್ರ ಸಣ್ಣ ಕೆಲಸ. ಬೇರಿಗೆ ಮುಟ್ಟಿದ್ರ ಬೇರು ಸ್ವಚ್ಛ ಮಾಡಿ ಮ್ಯಾಲ ಕ್ಯಾಪ್ ಹಾಕಬೇಕಾಗ್ತದ. ಖರ್ಚೂ ಭಾಳ, ಓಡಾಟಾನೂ ಭಾಳ."

"ಅದು ಬೇರಿಗೆ ಹೋಗೇ ಹೋಗ್ತದೇನ್ರಿ?"

ಅನುರಾಧಾ ಕನ್ನಡಿ ಕೆಳಗಿಟ್ಟು ಹೇಳಿದರು: "ಆಣಿ ಮಾಡಿ ಹೇಳೂದು ಆಗಾಂಗಿಲ್ಲ. ಕೆಲವ್ರಿಗೆ ವರ್ಷಾನುಗಟ್ಟಲೆ ಹಂಗ ಇರ್ತದ. ನಿಮ್ಮದು ಒಳಗ ಮೆತ್ತಗಾಗೇತಿ, ಅದಕ್ಕ ಹೇಳಿದೆ. ವಿಚಾರ ಮಾಡಿ ಬರ್ರಿ."

ಹೋಗೇ ಹೋಗುತ್ತದೆ ಎಂದಿದ್ದರೆ ಸುರೇಖಾ ಅಲ್ಲೇ ಒಪ್ಪುತ್ತಿದ್ದಳು; ಇಲ್ಲ ಎಂದಿದ್ದರೆ ಬಸ್ಸಿನಲ್ಲೇ ಮರೆಯುತ್ತಿದ್ದಳು. ಈಗ ಎರಡೂ ಆಗಲಿಲ್ಲ. ಟಗರು ಮಾರಿದ ರೊಕ್ಕವನ್ನು ಅತ್ತೆಯ ಹೊಸ ಹಲ್ಲಿನ ಸೆಟ್ಟಿಗೆಂದು ತೆಗೆದಿಟ್ಟಿದ್ದರು. ತನ್ನ ಹಲ್ಲು ತುಂಬಿಸಬೇಕೆಂದರೆ ಅದರಲ್ಲೇ ಕೈ ಹಾಕಬೇಕಿತ್ತು.

ಆ ಸಂಜೆ ಗಂಡ ಬೀರೇಶ ಕುರಿಗಳನ್ನು ಹಟ್ಟಿಗೆ ಹೊಡೆದು ಬಂದವನು ಮಾತು ಕೇಳಿ ನಕ್ಕ. "ನೋವಿಲ್ಲದ ಹಲ್ಲಿಗೆ ಯಾರರ ಖರ್ಚು ಮಾಡ್ತಾರೇನ? ಯವ್ವ ನೋಡಿದ್ರ ಅಂಬಲಿ ಕುಡದು ದಿನಾ ನೂಕಾಕತ್ಯಾಳ."

ಅದು ಅವನು ಸಿಟ್ಟಿನಿಂದ ಆಡಿದ ಮಾತಲ್ಲ. ಸುರೇಖಾಳ ಮನಸ್ಸೂ ಅದನ್ನೇ ಹೇಳುತ್ತಿತ್ತು. ಆದರೂ ಊಟಕ್ಕೆ ಕೂತಾಗಲೆಲ್ಲ ನಾಲಿಗೆ ಆ ಹಲ್ಲಿನ ಹತ್ತಿರವೇ ಹೋಗುತ್ತಿತ್ತು.

ಇದನ್ನು ಬೋರವ್ವ ಗಮನಿಸಿದಳು. ಒಂದು ಸಂಜೆ ಇಬ್ಬರೂ ಹಟ್ಟಿಯಲ್ಲಿ ಕುರಿಯ ಹಿಕ್ಕೆ ಗುಡಿಸುತ್ತಿದ್ದಾಗ ಮಾತು ತೆಗೆದಳು.

"ಹಲ್ಲು ತುಂಬಿಸ್ಕೊಂಡು ಬಾ ಹೋಗ."

"ಬ್ಯಾಡ ಬಿಡ್ರಿ ಅತ್ತಿ. ಅತ್ತಿ ಬಾಯಾಗ ಹಲ್ಲಿಲ್ಲ, ಸೊಸಿ ತನ್ನ ಹಲ್ಲಿಗೆ ಖರ್ಚು ಮಾಡಿದ್ಳು ಅಂತಾರ ಮಂದಿ."

"ಮಂದಿ ಬಂದು ನಿನ್ನ ಊಟ ಅಗದು ಕೊಡ್ತಾರೇನ?" ಬೋರವ್ವ ಪೊರಕೆ ಕೆಳಗಿಟ್ಟಳು. "ನನ್ನವು ಒಮ್ಮೆಲೆ ಬಿದ್ದಿಲ್ಲವ. ಒಂದು ನೋಯ್ತು, ಲವಂಗ ಇಟ್ಟೆ. ನೋವು ಹೋತು, ಹಲ್ಲೂ ಆರಾಮಾತು ಅಂತ ತಿಳಕೊಂಡೆ. ಹಂಗ ಅನಕೋಂತನ ಎಲ್ಲಾ ಕಳಕೊಂಡೆ. ಕುರಿಗೆ ಬ್ಯಾನಿ ಬಂದ ಮ್ಯಾಲ ಸೂಜಿ ಹಾಕಸ್ತೇವೇನ? ಮಳಿಗಿಂತ ಮೊದ್ಲ ಹಾಕಸ್ತೇವಿ. ಹಾಕಸದಿದ್ರ ಎಲ್ಲಾ ಕುರಿ ಸಾಯ್ತಾವೇನ? ಇಲ್ಲ. ಆದ್ರೂ ಹಾಕಸ್ತೇವಿ."

"ಮತ್ತ ನಿಮ್ಮ ಸೆಟ್?"

"ವಸಡು ಮಾಯೂತನಾ ಕೂಡಸಾಂಗಿಲ್ಲ ಅಂತ ಆ ಡಾಕ್ಟರವ್ವನೇ ಹೇಳ್ಯಾಳ. ಅಷ್ಟರಾಗ ಇನ್ನೊಂದು ಟಗರು ಬಲೀತದ."

ಮಗನಿಗೂ ಬೋರವ್ವ ತಾನೇ ಹೇಳಿದಳು. ತಾಯಿಯ ಮಾತಿಗೆ ಬೀರೇಶ ಎದುರಾಡಲಿಲ್ಲ. ಆದರೆ ಡಾಕ್ಟರು ಸುಮ್ಮನೆ ರೊಕ್ಕ ಕೀಳುತ್ತಾರೋ ಏನೋ ಎಂಬ ಗುಮಾನಿಯಿಂದ ಹೆಂಡತಿಯ ಜೊತೆ ತಾನೂ ಹೊರಟ.

ಯಂತ್ರದ ಸದ್ದಿಗೆ ಸುರೇಖಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳು ಹೆದರಿದಷ್ಟು ಹೊತ್ತು ಹಿಡಿಯಲಿಲ್ಲ. ಅವಳು ಎದ್ದ ಮೇಲೆ ಡಾಕ್ಟರ್ ಬೀರೇಶನನ್ನೂ ಕರೆದರು. "ನೋಡ, ಈಗ ನಂದೂ ತುಂಬಬೇಕಂತಾರ," ಎಂದು ಹೆಂಡತಿಯ ಕಿವಿಯಲ್ಲಿ ಗೊಣಗಿ ಅವನು ಬಾಯಿ ತೆರೆದ.

ಅನುರಾಧಾ ಎಲ್ಲ ಮೂಲೆಯನ್ನೂ ನೋಡಿದರು. "ನಿಮ್ಮವು ಗಟ್ಟಿ ಅದಾವ್ರಿ. ಏನೂ ಮಾಡೂದು ಬ್ಯಾಡ."

"ಸ್ವಚ್ಛ ಮಾಡೂದೂ ಬ್ಯಾಡೇನ್ರಿ?"

"ಈಗ ಬ್ಯಾಡ. ದಿನಾ ಛಲೋತ್ನ್ಯಾಗ ತಿಕ್ಕೋರಿ, ಸಾಕು."

ರೊಕ್ಕ ಕೊಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದ ಬೀರೇಶ ಹೆಂಡತಿಯ ಹಲ್ಲಿನದಷ್ಟೇ ಎಣಿಸಿಕೊಟ್ಟು ಹೊರಬಂದ. ಬಸ್ಸಿನಲ್ಲಿ ಹುನಗುಂದ ಹತ್ತಿರವಾಗುವಾಗ, "ಖರೆ ಮಂದಿ ಅದಾರ. ಯವ್ವನ ಸೆಟ್ಟೂ ಅಲ್ಲೇ ಮಾಡ್ಸೂಣು," ಎಂದ.

ದೀಪಾವಳಿ ಕಳೆದ ಮೇಲೆ ಬೋರವ್ವನ ಸೆಟ್ ಬಂತು. ಮೊದಮೊದಲು ಒತ್ತುತ್ತದೆಂದು ಅವಳು ಅದನ್ನು ಬಟ್ಟಲಿನ ನೀರಲ್ಲೇ ಇಟ್ಟು ಬೈಯುತ್ತಿದ್ದಳು. ಡಾಕ್ಟರ್ ಅದನ್ನು ಅಲ್ಲಲ್ಲಿ ಉಜ್ಜಿ ಸರಿಮಾಡಿ ಕೊಟ್ಟ ಮೇಲೆ ಮೆಲ್ಲಗೆ ರೂಢಿಯಾಯಿತು.

ಸುರೇಖಾಳ ಹಲ್ಲು ಒಮ್ಮೆಯೂ ನೋಯಲಿಲ್ಲ. ತುಂಬಿಸಿದ್ದಕ್ಕೆ ನೋಯಲಿಲ್ಲವೋ, ಹಾಗೇ ಬಿಟ್ಟಿದ್ದರೂ ನೋಯುತ್ತಿರಲಿಲ್ಲವೋ, ಯಾರೂ ಹೇಳಲಾರರು. ಆ ಪ್ರಶ್ನೆ ಮೊದಮೊದಲು ಅವಳನ್ನು ಕಾಡುತ್ತಿತ್ತು. ಬರಬರುತ್ತ ಊಟಕ್ಕೆ ಕೂತಾಗ ನಾಲಿಗೆ ಆ ಕಡೆ ಹೋಗುವುದು ನಿಂತಿತು. ಯಾವ ದಿನದಿಂದ ನಿಂತಿತೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.